4 ಜಿಬಿ ಲ್ಯಾಪ್‌ಟಾಪ್, ಮಳೆಗಾಲದ ನೆಟ್: ಆಂಡ್ರಾಯ್ಡ್ ಆ್ಯಪ್ ಟರ್ಮಿನಲ್‌ನಿಂದಲೇ ಮಾಡಬಹುದಾ?

ಹೂಮಳೆ_ನಾಪೋಕ್ಲು

ತೋಟದ ಮಳೆ ಲೆಕ್ಕ ಇಡುವುದಕ್ಕೆ ಒಂದು ಸಣ್ಣ ಆ್ಯಪ್ ಬರೆಯುತ್ತಿದ್ದೇನೆ. ಕಾಟ್ಲಿನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ. ಮೂರೇ ಪರದೆ: ಇವತ್ತಿನ ಮಳೆ, ತಿಂಗಳ ಪಟ್ಟಿ, ವರ್ಷದ ಮೊತ್ತ. ನಮ್ಮ ಕಡೆ ಬೆಳೆಗಾರರೆಲ್ಲ ಮಳೆಯನ್ನು ಇಂಚು, ಸೆಂಟ್‌ನಲ್ಲೇ (ಇಂಚಿನ ನೂರನೇ ಒಂದು ಭಾಗ) ಹೇಳುವುದು. ನಾನು ನೋಡಿದ ಆ್ಯಪ್‌ಗಳೆಲ್ಲ ಮಿಲಿಮೀಟರ್ ಕೇಳುತ್ತವೆ. ಅದಕ್ಕೇ ಈ ಸಾಹಸ.

ತೊಂದರೆ ಇರುವುದು ಲ್ಯಾಪ್‌ಟಾಪ್‌ನಲ್ಲಿ. 4 ಜಿಬಿ ರ್‍ಯಾಮ್, ಲಿನಕ್ಸ್ ಮಿಂಟ್. ಆ್ಯಪ್ ಬರೆಯುವ ಗೂಗಲ್‌ನ ಆಂಡ್ರಾಯ್ಡ್ ಸ್ಟುಡಿಯೋ ತೆರೆದರೆ ಮೌಸ್ ಕೂಡ ಅಲುಗಾಡುವುದಿಲ್ಲ. ಎಮ್ಯುಲೇಟರ್ (ಕಂಪ್ಯೂಟರ್ ಒಳಗೇ ಓಡುವ ನಕಲಿ ಫೋನ್) ಕಥೆ ಕೇಳಲೇಬೇಡಿ. ಇದರ ಮೇಲೆ ಮಳೆಗಾಲ. ಮರ ಬಿದ್ದರೆ ಕರೆಂಟೂ ಇಲ್ಲ, ನೆಟ್ಟೂ ಇಲ್ಲ.

ಸ್ಟುಡಿಯೋ ಇಲ್ಲದೆ ಬರೀ ಕಮಾಂಡ್‌ಗಳಿಂದ ಬಿಲ್ಡ್ ಮಾಡಿ ಫೋನ್‌ಗೆ ಹಾಕಬಹುದಾ? ಪ್ರಾಜೆಕ್ಟ್ ಫೋಲ್ಡರ್ ಇದೆ, ಗೆಳೆಯನ ಕಂಪ್ಯೂಟರ್‌ನಲ್ಲಿ ಶುರು ಮಾಡಿದ್ದು. ಹೊಸ ಲ್ಯಾಪ್‌ಟಾಪ್ ತಗೊಳ್ಳಿ ಅಂತ ಮಾತ್ರ ಹೇಳಬೇಡಿ, ಕಾಫಿ ದುಡ್ಡು ಕೈಗೆ ಬರುವುದು ಇನ್ನೂ ದೂರ ಇದೆ.

ಗಾಳಿಬೀಡು_ಗ್ರೇಡಲ್

ಆರಾಮಾಗಿ ಮಾಡಬಹುದು. ಸ್ಟುಡಿಯೋದಲ್ಲಿ ಹಸಿರು ಬಾಣ ಒತ್ತಿದಾಗ ಒಳಗೆ ನಡೆಯುವುದೂ ಇದೇ. ಗ್ರೇಡಲ್ ಎಂಬ ಟೂಲ್ ಕೋಡನ್ನು ಎಪಿಕೆ (ಫೋನ್‌ಗೆ ಹಾಕುವ ಆ್ಯಪ್ ಫೈಲ್) ಮಾಡುತ್ತದೆ, ಎಡಿಬಿ ಎಂಬ ಇನ್ನೊಂದು ಟೂಲ್ ಅದನ್ನು ಫೋನ್‌ಗೆ ತಳ್ಳುತ್ತದೆ. ಸ್ಟುಡಿಯೋ ಪಕ್ಕದಲ್ಲಿ ನಿಂತ ಮೇಸ್ತ್ರಿ ಅಷ್ಟೇ. ಮೇಸ್ತ್ರಿಗೆ ಸಂಬಳ ಕೊಡುವಷ್ಟು ರ್‍ಯಾಮ್ ನಿಮ್ಮ ಹತ್ತಿರ ಇಲ್ಲ. ಎಮ್ಯುಲೇಟರ್ ಕೂಡ ಬೇಕು ಅಂದರೆ ಗೂಗಲ್‌ನವರೇ 16 ಜಿಬಿ ಕೇಳುತ್ತಾರೆ.

ಕಮಾಂಡ್‌ಗಳನ್ನು ಇಲ್ಲಿ ಕನ್ನಡ ಅಕ್ಷರದಲ್ಲೇ ಬರೆಯುತ್ತೇನೆ, ಟೈಪ್ ಮಾಡುವಾಗ ಇಂಗ್ಲಿಷ್‌ನಲ್ಲಿ ಹಾಕಿಕೊಳ್ಳಿ.

ಸ್ಟುಡಿಯೋ ಡೌನ್‌ಲೋಡ್ ಪುಟದಲ್ಲಿ ಕೆಳಗೆ ಹೋದರೆ 'ಕಮಾಂಡ್ ಲೈನ್ ಟೂಲ್ಸ್ ಓನ್ಲಿ' ಅಂತ ಬೇರೆ ಜಿಪ್ ಇದೆ. ಸ್ಟುಡಿಯೋ ಒಂದು ಜಿಬಿಗಿಂತ ಜಾಸ್ತಿ, ಇದು ಅದರ ಮುಂದೆ ಏನೂ ಅಲ್ಲ. ಬಿಚ್ಚುವಾಗ ಒಂದು ಕಿರಿಕಿರಿ ಇದೆ. ಒಳಗಿನದನ್ನೆಲ್ಲ 'ಸಿಎಮ್‌ಡಿಲೈನ್-ಟೂಲ್ಸ್' ಫೋಲ್ಡರ್ ಒಳಗೆ 'ಲೇಟೆಸ್ಟ್' ಅಂತ ಇನ್ನೊಂದು ಫೋಲ್ಡರ್ ಮಾಡಿ ಅದರಲ್ಲಿ ಇಡಬೇಕು. ಇಲ್ಲದಿದ್ದರೆ ಎಸ್‌ಡಿಕೆ (ಆ್ಯಪ್ ಕಟ್ಟುವ ಟೂಲ್‌ಗಳ ಗಂಟು) ರೂಟ್ ಎಲ್ಲಿದೆ ಗೊತ್ತಾಗುತ್ತಿಲ್ಲ ಅಂತ ಎರರ್ ಬರುತ್ತದೆ. ಬಹಳ ಜನ ಇಲ್ಲೇ ಸುಸ್ತಾಗಿ ಬಿಟ್ಟುಬಿಡುತ್ತಾರೆ.

ಆಮೇಲೆ 'ಎಸ್‌ಡಿಕೆಮ್ಯಾನೇಜರ್' ಕಮಾಂಡ್‌ನಿಂದ ಮೂರೇ ವಸ್ತು ಇಳಿಸಿ: ಪ್ಲಾಟ್‌ಫಾರ್ಮ್-ಟೂಲ್ಸ್ (ಎಡಿಬಿ ಇರುವುದು ಇದರಲ್ಲೇ), ನಿಮ್ಮ ಪ್ರಾಜೆಕ್ಟ್ ಕೇಳುವ ಆಂಡ್ರಾಯ್ಡ್ ಪ್ಲಾಟ್‌ಫಾರ್ಮ್, ಅದಕ್ಕೆ ಹೊಂದುವ ಬಿಲ್ಡ್-ಟೂಲ್ಸ್. ಪ್ಲಾಟ್‌ಫಾರ್ಮ್ ಯಾವುದು ಅಂತ ಬಿಲ್ಡ್ ಫೈಲ್‌ನ 'ಕಂಪೈಲ್‌ಎಸ್‌ಡಿಕೆ' ಸಾಲಿನಲ್ಲಿದೆ. ಸಿಸ್ಟಮ್ ಇಮೇಜ್ ಮುಟ್ಟಬೇಡಿ, ಅದು ಎಮ್ಯುಲೇಟರ್‌ಗೆ, ನೆಟ್ ಪೂರ್ತಿ ತಿಂದುಬಿಡುತ್ತದೆ. ಕೊನೆಗೆ '--ಲೈಸೆನ್ಸಸ್' ಕೊಟ್ಟು ಎಲ್ಲದಕ್ಕೂ ವೈ ಒತ್ತಿ. 'ಆಂಡ್ರಾಯ್ಡ್_ಹೋಮ್' ಎಂಬ ಎನ್‌ವಿರಾನ್‌ಮೆಂಟ್ ವೇರಿಯೇಬಲ್‌ನಲ್ಲಿ ಎಸ್‌ಡಿಕೆ ದಾರಿ ಇರಲಿ. ಗೆಳೆಯನ ಕಂಪ್ಯೂಟರ್‌ನಿಂದ 'ಲೋಕಲ್.ಪ್ರಾಪರ್ಟೀಸ್' ಫೈಲ್ ಬಂದಿದ್ದರೆ ಅಳಿಸಿ, ಅದರಲ್ಲಿ ಅವನ ಎಸ್‌ಡಿಕೆ ದಾರಿ ಇರುತ್ತದೆ.

ಈಗ ಪ್ರಾಜೆಕ್ಟ್ ಫೋಲ್ಡರ್‌ನಲ್ಲಿ './ಗ್ರೇಡಲ್‌ಡಬ್ಲ್ಯೂ ಅಸೆಂಬಲ್‌ಡಿಬಗ್'. ಫೋನ್ ಚುಚ್ಚಿದ್ದರೆ 'ಇನ್‌ಸ್ಟಾಲ್‌ಡಿಬಗ್' ಅನ್ನಿ, ಬಿಲ್ಡೂ ಆಗುತ್ತದೆ, ಫೋನ್‌ಗೂ ಹೋಗುತ್ತದೆ.

ಹೂಮಳೆ_ನಾಪೋಕ್ಲು

ಥ್ಯಾಂಕ್ಸ್ ಅಣ್ಣ. 'ಲೇಟೆಸ್ಟ್' ಫೋಲ್ಡರ್ ವಿಷಯ ಹೇಳಿದ್ದು ಒಳ್ಳೆಯದಾಯಿತು. ಎಸ್‌ಡಿಕೆ ಎಲ್ಲ ಇಳಿಯಿತು. ಈಗ ಗ್ರೇಡಲ್ 'ಜಾವಾ 17 ಬೇಕು, ನೀವು 11 ಬಳಸುತ್ತಿದ್ದೀರಿ' ಅನ್ನುತ್ತಿದೆ.

ಗಾಳಿಬೀಡು_ಗ್ರೇಡಲ್

ಆಂಡ್ರಾಯ್ಡ್ ಗ್ರೇಡಲ್ ಪ್ಲಗಿನ್ 8ರಿಂದ ಮೇಲೆ ಜಾವಾ 17 ಇರಲೇಬೇಕು. ಸ್ಟುಡಿಯೋ ತನ್ನ ಜೊತೆಗೇ ಜಾವಾ ತರುತ್ತದೆ, ಅದಕ್ಕೇ ಗೆಳೆಯನ ಕಂಪ್ಯೂಟರ್‌ನಲ್ಲಿ ಈ ಗಲಾಟೆ ಕಂಡಿಲ್ಲ. ಓಪನ್‌ಜೆಡಿಕೆ 17 ಹಾಕಿ 'ಜಾವಾ_ಹೋಮ್' ಅದಕ್ಕೆ ತಿರುಗಿಸಿ. 11 ಅನ್ನು ತೆಗೆಯುವ ಅಗತ್ಯ ಇಲ್ಲ.

ಇನ್ನೊಂದು, 'ಗ್ರೇಡಲ್.ಪ್ರಾಪರ್ಟೀಸ್' ಫೈಲ್ ತೆರೆದು 'ಆರ್ಗ್.ಗ್ರೇಡಲ್.ಜೆವಿಎಂಆರ್ಗ್ಸ್' ಸಾಲಿನಲ್ಲಿ -ಎಕ್ಸ್‌ಎಂಎಕ್ಸ್ (ಗ್ರೇಡಲ್‌ನ ಮೆಮೊರಿ ಮಿತಿ, ಎಂಬಿಯಲ್ಲಿ) ಎಷ್ಟಿದೆ ನೋಡಿ. 2048 ಇರಬಹುದು. 1536ಕ್ಕೆ ಇಳಿಸಿ. ಬಿಲ್ಡ್ ಮುಗಿದ ಮೇಲೂ ಗ್ರೇಡಲ್ ಡೀಮನ್ ಹಿಂದೆ ಕೂತೇ ಇರುತ್ತದೆ, ಮುಂದಿನ ಬಿಲ್ಡ್ ಬೇಗ ಆಗಲಿ ಅಂತ. ಕೋಡ್ ಬರೆಯುವ ಕೆಲಸ ಮುಗಿಸಿ ಬೇರೆ ಏನಾದರೂ ಮಾಡುವಾಗ 'ಗ್ರೇಡಲ್‌ಡಬ್ಲ್ಯೂ --ಸ್ಟಾಪ್' ಕೊಡಿ, ರ್‍ಯಾಮ್ ವಾಪಸ್ ಬರುತ್ತದೆ. ಬಿಲ್ಡ್ ಆಗುವಾಗ ಬ್ರೌಸರ್ ಮುಚ್ಚಿಡಿ. 4 ಜಿಬಿಯಲ್ಲಿ ಎರಡೂ ಒಟ್ಟಿಗೆ ಬಾಳುವುದಿಲ್ಲ.

ವಿರಾಜಪೇಟೆ_ಬಗ್‌ಬೇಟೆ

ನಾನು ಸ್ವಲ್ಪ ಬೇರೆ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಟರ್ಮಿನಲ್ ಅಂದರೆ ಏನೋ ದೊಡ್ಡಸ್ತಿಕೆ ಅನ್ನುವ ಹಾಗೆ ಮಾತಾಡುವವರನ್ನು ಕಂಡರೆ ನನಗೆ ಆಗುವುದಿಲ್ಲ. ಈಗಷ್ಟೇ ಕಾಟ್ಲಿನ್ ಕಲಿಯುತ್ತಿರುವವರಿಗೆ ಸ್ಟುಡಿಯೋ ಕೊಡುವ ಸಹಾಯ ಸಣ್ಣದಲ್ಲ. ತಪ್ಪು ಬರೆದ ಕೂಡಲೇ ಕೆಂಪು ಗೆರೆ, ಲೇಔಟ್ ಹೇಗೆ ಕಾಣುತ್ತದೆ ಅಂತ ಪಕ್ಕದಲ್ಲೇ ಚಿತ್ರ, ಸಾಲಿನ ಮೇಲೆ ಬ್ರೇಕ್‌ಪಾಯಿಂಟ್ ಇಟ್ಟು ಒಳಗೆ ಏನಿದೆ ನೋಡುವುದು. ಇದೆಲ್ಲ ಬಿಟ್ಟು ಬರೀ ಎಡಿಟರ್‌ನಲ್ಲಿ ಬರೆದರೆ ಒಂದು ಕಾಮಾ ಬಿಟ್ಟುಹೋದದ್ದು ತಿಳಿಯೋಕೆ ಪೂರ್ತಿ ಬಿಲ್ಡ್ ಕಾಯಬೇಕು. ಆ ಲ್ಯಾಪ್‌ಟಾಪ್‌ನಲ್ಲಿ ಅದು ಒಂದು ಲೋಟ ಕಾಫಿ ಕುಡಿದು ಮುಗಿಸುವಷ್ಟು ಹೊತ್ತು.

ಸ್ಟುಡಿಯೋದ ಫೈಲ್ ಮೆನುವಿನಲ್ಲಿ 'ಪವರ್ ಸೇವ್ ಮೋಡ್' ಇದೆ. ಅದು ಹಾಕಿದರೆ ಹಿಂದಿನಿಂದ ಕೋಡ್ ತಪಾಸಣೆ ನಿಲ್ಲುತ್ತದೆ, ಸ್ವಲ್ಪ ಹಗುರವಾಗುತ್ತದೆ. ಎಮ್ಯುಲೇಟರ್ ಬೇಡ, ಫೋನ್ ಸಾಕು. ಒಮ್ಮೆ ಹಾಗೆ ನೋಡಿ.

ಗಾಳಿಬೀಡು_ಗ್ರೇಡಲ್

ಮೇಡಂ, ದೊಡ್ಡಸ್ತಿಕೆಗೆ ಹೇಳಿದ್ದಲ್ಲ. 8 ಜಿಬಿ ಇದ್ದಿದ್ದರೆ ನಾನೂ ಸ್ಟುಡಿಯೋನೇ ಹೇಳುತ್ತಿದ್ದೆ. ಪವರ್ ಸೇವ್ ಹಾಕಿದರೆ ನೀವು ಹೇಳಿದ ಕೆಂಪು ಗೆರೆಯೇ ಹೋಗುತ್ತದಲ್ವಾ, ಆಮೇಲೆ ಅದೂ ಒಂದು ಭಾರದ ನೋಟ್‌ಪ್ಯಾಡ್ ಅಷ್ಟೇ. ತಪ್ಪು ಹುಡುಕೋಕೆ ಪೂರ್ತಿ ಎಪಿಕೆ ಕಟ್ಟಬೇಕಾಗಿಲ್ಲ. 'ಕಂಪೈಲ್‌ಡಿಬಗ್‌ಕಾಟ್ಲಿನ್' ಅಂತ ಟಾಸ್ಕ್ ಇದೆ, ಕಾಟ್ಲಿನ್ ಮಾತ್ರ ಕಂಪೈಲ್ ಮಾಡಿ ತಪ್ಪಿರುವ ಸಾಲಿನ ನಂಬರ್ ಹೇಳುತ್ತದೆ.

ಲೇಔಟ್ ಚಿತ್ರದ ವಿಷಯದಲ್ಲಿ ನಿಮ್ಮದು ಸರಿ. ಅದಕ್ಕೆ ಟರ್ಮಿನಲ್‌ನಲ್ಲಿ ಮದ್ದಿಲ್ಲ. ಫೋನ್‌ಗೆ ಹಾಕಿ ನೋಡುವುದೇ.

ಕುಶಾಲನಗರ_ಲ್ಯಾಬ್

ನಾನು ಇಲ್ಲಿ ಒಂದು ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಮಳೆಗಾಲದ ಸಮಸ್ಯೆಗೆ ನಮ್ಮ ಲ್ಯಾಬ್‌ನಲ್ಲಿ ಒಂದು ದಾರಿ ಇದೆ, ನಾಪೋಕ್ಲು ಕಡೆಯವರಿಗೆ ಉಪಯೋಗ ಆಗಬಹುದು.

ಗ್ರೇಡಲ್ ಮೊದಲ ಸಲ ಓಡಿದಾಗ ಎರಡು ಕಡೆ ನೆಟ್ ಬೇಕು. ಒಂದು, ಗ್ರೇಡಲ್‌ನ ತನ್ನದೇ ಜಿಪ್. ಇನ್ನೊಂದು, ಪ್ರಾಜೆಕ್ಟ್ ಕೇಳುವ ಲೈಬ್ರರಿಗಳು, ಪ್ಲಗಿನ್‌ಗಳು. ಎಲ್ಲ ಹೋಮ್ ಫೋಲ್ಡರ್‌ನ '.ಗ್ರೇಡಲ್' ಒಳಗೆ ಕೂರುತ್ತದೆ. ಒಮ್ಮೆ ಪೂರ್ತಿ ಇಳಿದರೆ ಆಮೇಲೆ './ಗ್ರೇಡಲ್‌ಡಬ್ಲ್ಯೂ --ಆಫ್‌ಲೈನ್ ಅಸೆಂಬಲ್‌ಡಿಬಗ್' ಅಂತ ಕೊಡಿ. ನೆಟ್ ಕಡೆ ತಿರುಗಿಯೂ ನೋಡುವುದಿಲ್ಲ. ಹೊಸ ಲೈಬ್ರರಿ ಸೇರಿಸಿದ ದಿನ ಮಾತ್ರ ಆ ಪದ ಬಿಡಬೇಕು.

ಜಿಪ್ ಇಳಿಯುವಾಗ ಅರ್ಧದಲ್ಲಿ ಕರೆಂಟ್ ಹೋದರೆ ಕೆಲವೊಮ್ಮೆ ಅರ್ಧ ಫೈಲ್ ಅಲ್ಲೇ ಉಳಿದು, ಮುಂದಿನ ಸಲ 'ಜಿಪ್ ಎಂಡ್ ಹೆಡರ್ ನಾಟ್ ಫೌಂಡ್' ಅನ್ನುತ್ತದೆ. ಹೆದರಬೇಡಿ. '.ಗ್ರೇಡಲ್/ವ್ರ್ಯಾಪರ್/ಡಿಸ್ಟ್ಸ್' ಒಳಗೆ ಆ ಆವೃತ್ತಿಯ ಫೋಲ್ಡರ್ ಅಳಿಸಿ ಮತ್ತೆ ಓಡಿಸಿ. ಇನ್ನೂ ಒಳ್ಳೆಯದು, 'ಗ್ರೇಡಲ್-ವ್ರ್ಯಾಪರ್.ಪ್ರಾಪರ್ಟೀಸ್' ಫೈಲ್‌ನಲ್ಲಿ ಡೌನ್‌ಲೋಡ್ ವಿಳಾಸದ ಕೊನೆ ನೋಡಿ. '-ಆಲ್' ಅಂತ ಇದ್ದರೆ '-ಬಿನ್' ಮಾಡಿ. ಆಲ್‌ನಲ್ಲಿ ಗ್ರೇಡಲ್‌ನ ಸೋರ್ಸ್ ಕೋಡ್, ದಾಖಲೆ ಎಲ್ಲ ಇರುತ್ತದೆ, ಬಿಲ್ಡ್‌ಗೆ ಬೇಕಿಲ್ಲ.

ಇನ್ನು ಪೆನ್‌ಡ್ರೈವ್ ದಾರಿ. ನೆಟ್ ಚೆನ್ನಾಗಿರುವ ಒಂದು ಕಂಪ್ಯೂಟರ್‌ನಲ್ಲಿ ಅದೇ ಪ್ರಾಜೆಕ್ಟ್ ಒಮ್ಮೆ ಬಿಲ್ಡ್ ಮಾಡಿ. ಆಮೇಲೆ '.ಗ್ರೇಡಲ್/ಕ್ಯಾಶಸ್' ಒಳಗಿನ 'ಮಾಡ್ಯೂಲ್ಸ್-2' ಫೋಲ್ಡರ್ ಕಾಪಿ ಮಾಡಿ ತನ್ನಿ, '.ಲಾಕ್' ಫೈಲ್‌ಗಳನ್ನೂ 'ಜಿಸಿ.ಪ್ರಾಪರ್ಟೀಸ್' ಫೈಲನ್ನೂ ಬಿಟ್ಟು. ಇದನ್ನು ಬೇರೆ ಕಂಪ್ಯೂಟರ್‌ಗೆ ಸಾಗಿಸಬಹುದು ಅಂತ ಗ್ರೇಡಲ್‌ನವರ ಕೈಪಿಡಿಯಲ್ಲೇ ಇದೆ. ಎರಡೂ ಕಡೆ ಗ್ರೇಡಲ್ ಆವೃತ್ತಿ ಒಂದೇ ಇರಲಿ, ಆಗ ತಲೆನೋವಿಲ್ಲ. ಲ್ಯಾಬ್‌ನಲ್ಲಿ ಎಲ್ಲ ಕಂಪ್ಯೂಟರ್‌ಗೂ ಹೀಗೇ ಹಂಚುವುದು. ಇಲ್ಲದಿದ್ದರೆ ತರಗತಿ ಪೂರ್ತಿ ಡೌನ್‌ಲೋಡ್ ನೋಡುತ್ತಾ ಕೂರಬೇಕು.

ಬಾಳೆಲೆ_ಬೈಟ್

ಲ್ಯಾಬ್ ಸರ್, ಈ ಪೆನ್‌ಡ್ರೈವ್ ವಿಷಯ ಮೊದಲೇ ಗೊತ್ತಿದ್ದರೆ ಎಷ್ಟು ಡೇಟಾ ಪ್ಯಾಕ್ ಉಳಿಯುತ್ತಿತ್ತೋ.

ನಡುವೆ ಒಂದು ಪ್ರಶ್ನೆ. 'ಎಡಿಬಿ ಡಿವೈಸಸ್' ಕೊಟ್ಟರೆ ಫೋನ್ ಎದುರು 'ನೋ ಪರ್ಮಿಷನ್ಸ್' ಅಂತ ಬರುತ್ತದೆ. ಉಬುಂಟು. ಬೇರೆ ಕೇಬಲ್ ಹಾಕಿದರೆ ಪಟ್ಟಿಯೇ ಖಾಲಿ.

ಗಾಳಿಬೀಡು_ಗ್ರೇಡಲ್

ಪಟ್ಟಿ ಖಾಲಿ ಅಂದರೆ ಆ ಕೇಬಲ್ ಬರೀ ಚಾರ್ಜಿಂಗ್‌ದು ಇರಬೇಕು, ಡೇಟಾ ತಂತಿ ಇಲ್ಲ. ಪಕ್ಕಕ್ಕಿಡಿ. 'ನೋ ಪರ್ಮಿಷನ್ಸ್' ಬರುವುದು ಲಿನಕ್ಸ್‌ನಲ್ಲಿ ಯುಡೆವ್ ನಿಯಮ (ಚುಚ್ಚಿದ ಸಾಧನವನ್ನು ಯಾರು ಬಳಸಬಹುದು ಅಂತ ಹೇಳುವುದು) ಇಲ್ಲದಿದ್ದಾಗ. 'ಆಂಡ್ರಾಯ್ಡ್-ಎಸ್‌ಡಿಕೆ-ಪ್ಲಾಟ್‌ಫಾರ್ಮ್-ಟೂಲ್ಸ್-ಕಾಮನ್' ಎಂಬ ಪ್ಯಾಕೇಜ್ ಹಾಕಿ, ನಿಮ್ಮ ಯೂಸರ್ ಅನ್ನು 'ಪ್ಲಗ್‌ಡೆವ್' ಗುಂಪಿಗೆ ಸೇರಿಸಿ, ಲಾಗ್ ಔಟ್ ಮಾಡಿ ಬನ್ನಿ. ಆಮೇಲೆ 'ಅನ್‌ಆಥರೈಸ್ಡ್' ಅಂತ ಬಂದರೆ ಅದು ಒಳ್ಳೆಯ ಸುದ್ದಿ. ಫೋನ್ ಪರದೆ ಮೇಲೆ ಅನುಮತಿ ಕೇಳುತ್ತಿರುತ್ತದೆ, ಒಪ್ಪಿ.

ಆಂಡ್ರಾಯ್ಡ್ 11 ಅಥವಾ ಮೇಲಿನದಾದರೆ ಕೇಬಲ್ಲೇ ಬೇಡ. ಡೆವಲಪರ್ ಆಪ್ಷನ್ಸ್‌ನಲ್ಲಿ 'ವೈರ್‌ಲೆಸ್ ಡಿಬಗಿಂಗ್' ಆನ್ ಮಾಡಿ, 'ಎಡಿಬಿ ಪೇರ್' ಜೊತೆ ಫೋನ್ ತೋರಿಸುವ ವಿಳಾಸ ಕೊಟ್ಟು ಆರು ಅಂಕಿಯ ಕೋಡ್ ಹಾಕಿ. ಆಮೇಲೆ 'ಎಡಿಬಿ ಕನೆಕ್ಟ್'. ಪೇರ್ ಮಾಡುವ ಪೋರ್ಟ್ ಬೇರೆ, ಕನೆಕ್ಟ್ ಮಾಡುವ ಪೋರ್ಟ್ ಬೇರೆ, ಅದನ್ನು ನೋಡಿಕೊಳ್ಳಿ. ಇದಕ್ಕೆ ಇಂಟರ್ನೆಟ್ ಬೇಕಿಲ್ಲ, ಒಂದೇ ವೈಫೈ ಇದ್ದರೆ ಸಾಕು. ಮನೆಯಲ್ಲಿ ಇನ್ನೊಂದು ಫೋನ್‌ನ ಹಾಟ್‌ಸ್ಪಾಟ್‌ಗೆ ಎರಡನ್ನೂ ಸೇರಿಸಿದರೂ ನಡೆಯುತ್ತದೆ, ಸಿಮ್‌ನಲ್ಲಿ ನೆಟ್‌ವರ್ಕ್ ಇಲ್ಲದಿದ್ದರೂ.

ಶನಿವಾರಸಂತೆ_ಫ್ಲಟರ್

ಎಲ್ಲರೂ ಗ್ರೇಡಲ್ ಗ್ರೇಡಲ್ ಅನ್ನುತ್ತಿದ್ದೀರಿ, ಬೇರೆ ಭಾಷೆಯಲ್ಲಿ ಆ್ಯಪ್ ಬರೆಯುವ ಫ್ಲಟರ್ ಯಾರಿಗೂ ನೆನಪಾಗಲಿಲ್ವಾ? ಟರ್ಮಿನಲ್‌ನಲ್ಲಿ ಕೆಲಸ ಮಾಡುವವರಿಗೆ ಇದಕ್ಕಿಂತ ಸುಖ ಇಲ್ಲ. 'ಫ್ಲಟರ್ ಡಾಕ್ಟರ್' ಕೊಟ್ಟರೆ ಏನು ಇದೆ, ಏನು ಇಲ್ಲ, ಯಾವ ಲೈಸೆನ್ಸ್ ಒಪ್ಪಿಲ್ಲ ಎಲ್ಲ ಹೇಳುತ್ತದೆ. 'ಫ್ಲಟರ್ ಕ್ರಿಯೇಟ್' ಹೊಸ ಪ್ರಾಜೆಕ್ಟ್ ಹುಟ್ಟಿಸುತ್ತದೆ. ಆಂಡ್ರಾಯ್ಡ್‌ನಲ್ಲಿ ಮೊದಲು 'ಆಂಡ್ರಾಯ್ಡ್ ಕ್ರಿಯೇಟ್ ಪ್ರಾಜೆಕ್ಟ್' ಅಂತ ಇತ್ತು, 2017ರಲ್ಲಿ ಅದನ್ನು ತೆಗೆದುಬಿಟ್ಟರು. ಹೂಮಳೆಯವರು ಗೆಳೆಯನ ಮನೆಗೆ ಹೋಗಬೇಕಾಗಿ ಬಂದದ್ದು ಅದಕ್ಕೇ ಇರಬೇಕು.

'ಫ್ಲಟರ್ ರನ್' ಕೊಟ್ಟು ಆ್ಯಪ್ ಓಡುತ್ತಿರುವಾಗಲೇ ಕೋಡ್ ಬದಲಿಸಿ ಸಣ್ಣ ಆರ್ ಒತ್ತಿದರೆ ಫೋನ್‌ನಲ್ಲಿ ಕೂಡಲೇ ಬದಲಾಗುತ್ತದೆ. ದೊಡ್ಡ ಆರ್ ಒತ್ತಿದರೆ ಆ್ಯಪ್ ಮೊದಲಿನಿಂದ ಶುರು. ಬಗ್‌ಬೇಟೆ ಮೇಡಂ ಕೇಳಿದ ಲೇಔಟ್ ಚಿತ್ರಕ್ಕೆ ಇದೇ ಉತ್ತರ.

ವಿರಾಜಪೇಟೆ_ಬಗ್‌ಬೇಟೆ

ಅದು ಒಪ್ಪಿದೆ. ಆದರೆ ಒಳಗೆ ಫ್ಲಟರ್ ಕೂಡ ಆಂಡ್ರಾಯ್ಡ್‌ಗೆ ಗ್ರೇಡಲನ್ನೇ ಕರೆಯುತ್ತದಲ್ವಾ. ಮೊದಲ ಬಿಲ್ಡ್‌ನ ಭಾರ ಹಾಗೇ ಇರುತ್ತದೆ, ಮೇಲೆ ಫ್ಲಟರ್‌ನ ಡೌನ್‌ಲೋಡ್ ಬೇರೆ. ಮೂರು ಪರದೆಯ ಆ್ಯಪ್ ಅರ್ಧ ಬರೆದಾಗಿದೆ, ಈಗ ಭಾಷೆ ಬದಲಿಸಿ ಅನ್ನುವುದು ಸರಿಯಲ್ಲ.

ಶನಿವಾರಸಂತೆ_ಫ್ಲಟರ್

ಸರಿ, ಮುಂದಿನ ಆ್ಯಪ್‌ಗೆ ಅಂತ ಇಟ್ಟುಕೊಳ್ಳಲಿ. 😀 ಒಂದು ಮಾತ್ರ: ಹಂಚುವಾಗ 'ಫ್ಲಟರ್ ಬಿಲ್ಡ್ ಎಪಿಕೆ --ಸ್ಪ್ಲಿಟ್-ಪರ್-ಎಬಿಐ' ಕೊಡಿ. ಒಂದು ದಪ್ಪ ಎಪಿಕೆ ಬದಲು ಪ್ರೊಸೆಸರ್‌ಗೆ ತಕ್ಕ ಹಾಗೆ ಮೂರು ಸಣ್ಣವು ಬರುತ್ತವೆ. ವಾಟ್ಸಾಪ್‌ನಲ್ಲಿ ಕಳಿಸುವವರಿಗೆ ಆ ವ್ಯತ್ಯಾಸ ಗೊತ್ತಾಗುತ್ತದೆ.

ಹೂಮಳೆ_ನಾಪೋಕ್ಲು

ಬಿಲ್ಡ್ ಆಯಿತು! ನಿಧಾನ ಇದೆ, ಆದರೆ ಲ್ಯಾಪ್‌ಟಾಪ್ ಸತ್ತುಹೋಗುವುದಿಲ್ಲ. ಎರಡನೇ ಬಿಲ್ಡ್ ಮೊದಲಿನದಕ್ಕಿಂತ ತುಂಬಾ ಬೇಗ. ಆಫ್‌ಲೈನ್ ಕೂಡ ಕೆಲಸ ಮಾಡಿತು.

ಹೊಸ ಸಮಸ್ಯೆ. ಅಜ್ಜನ ಫೋನ್‌ನಲ್ಲಿ ಗೆಳೆಯನ ಕಂಪ್ಯೂಟರ್‌ನಿಂದ ಹಾಕಿದ ಹಳೇ ಆವೃತ್ತಿ ಇದೆ. ಫೆಬ್ರವರಿಯ ಹೂ ಮಳೆಯಿಂದ ಹಿಡಿದು ಎಲ್ಲ ಲೆಕ್ಕ ಅದರಲ್ಲೇ ಇದೆ. ಈಗ 'ಎಡಿಬಿ ಇನ್‌ಸ್ಟಾಲ್ -ಆರ್' ಕೊಟ್ಟರೆ 'ಇನ್‌ಸ್ಟಾಲ್ ಫೇಲ್ಡ್ ಅಪ್‌ಡೇಟ್ ಇನ್‌ಕಂಪ್ಯಾಟಿಬಲ್' ಅಂತ ಬರುತ್ತಿದೆ. ಹಳೆಯದನ್ನು ತೆಗೆದು ಹಾಕಿ ಅಂತ ನೆಟ್‌ನಲ್ಲಿ ಬರೆದಿದ್ದಾರೆ.

ಗಾಳಿಬೀಡು_ಗ್ರೇಡಲ್

ನಿಲ್ಲಿ. ತೆಗೆಯಬೇಡಿ! ಅನ್‌ಇನ್‌ಸ್ಟಾಲ್ ಮಾಡಿದರೆ ಮಳೆ ಲೆಕ್ಕವೂ ಜೊತೆಗೇ ಹೋಗುತ್ತದೆ.

ಆಗಿರುವುದು ಇಷ್ಟು. ಪ್ರತಿ ಎಪಿಕೆಗೂ ಒಂದು ಸಹಿ ಇರುತ್ತದೆ. ಡಿಬಗ್ ಬಿಲ್ಡ್‌ಗೆ ಸಹಿ ಹಾಕುವ ಕೀ, ಹೋಮ್ ಫೋಲ್ಡರ್‌ನ '.ಆಂಡ್ರಾಯ್ಡ್' ಒಳಗೆ 'ಡಿಬಗ್.ಕೀಸ್ಟೋರ್' ಅಂತ ಇರುತ್ತದೆ. ಪ್ರತಿ ಕಂಪ್ಯೂಟರ್ ತನ್ನದೇ ಕೀ ಹುಟ್ಟಿಸಿಕೊಳ್ಳುತ್ತದೆ. ಗೆಳೆಯನ ಸಹಿ ಬೇರೆ, ನಿಮ್ಮದು ಬೇರೆ. ಸಹಿ ಹೊಂದದಿದ್ದರೆ ಹಳೆಯದರ ಮೇಲೆ ಹೊಸದನ್ನು ಕೂರಿಸಲು ಆಂಡ್ರಾಯ್ಡ್ ಬಿಡುವುದಿಲ್ಲ. ಬಿಟ್ಟರೆ ಯಾರು ಬೇಕಾದರೂ ನಿಮ್ಮ ಬ್ಯಾಂಕ್ ಆ್ಯಪ್ ಮೇಲೆ ತಮ್ಮದನ್ನು ಕೂರಿಸಬಹುದಲ್ವಾ.

ಸುಲಭದ ದಾರಿ: ಗೆಳೆಯನಿಂದ ಆ 'ಡಿಬಗ್.ಕೀಸ್ಟೋರ್' ಫೈಲ್ ತರಿಸಿ ನಿಮ್ಮಲ್ಲಿ ಅದೇ ಜಾಗದಲ್ಲಿಡಿ. ಮತ್ತೆ ಬಿಲ್ಡ್ ಮಾಡಿ. ಈಗ ಒಪ್ಪುತ್ತದೆ.

ಅದಕ್ಕೂ ಮೊದಲು ಡೇಟಾ ಹೊರಗೆ ತೆಗೆದಿಡಿ. ಡಿಬಗ್ ಬಿಲ್ಡ್ ಆದ್ದರಿಂದ, ಆ್ಯಪ್‌ನ ಒಳಗಿನ ಫೈಲ್ ಓದಲು ಬಿಡುವ 'ರನ್-ಆ್ಯಸ್' ನಡೆಯುತ್ತದೆ. 'ಎಡಿಬಿ ಎಕ್ಸೆಕ್-ಔಟ್ ರನ್-ಆ್ಯಸ್', ನಿಮ್ಮ ಪ್ಯಾಕೇಜ್ ಹೆಸರು, 'ಕ್ಯಾಟ್', ಡೇಟಾಬೇಸ್ ಫೈಲ್‌ನ ದಾರಿ, ಇಷ್ಟು ಕೊಟ್ಟು ಬಂದದ್ದನ್ನು ಲ್ಯಾಪ್‌ಟಾಪ್‌ನಲ್ಲಿ ಒಂದು ಫೈಲ್‌ಗೆ ಇಳಿಸಿ. ಡೇಟಾಬೇಸ್‌ಗೆ 'ರೂಮ್' ಲೈಬ್ರರಿ ಬಳಸಿದ್ದರೆ ಪಕ್ಕದಲ್ಲಿ '-ವಾಲ್' ಅಂತ ಕೊನೆಯಾಗುವ ಫೈಲ್ ಇರುತ್ತದೆ, ಅದನ್ನೂ ತನ್ನಿ. ಇತ್ತೀಚಿನ ನಮೂದುಗಳು ಅದರಲ್ಲೇ ಇರಬಹುದು.

ಕುಶಾಲನಗರ_ಲ್ಯಾಬ್

ಇದಕ್ಕೆ ಸೇರಿಸುತ್ತೇನೆ. ನಾಲ್ಕು ಜನರ ಫೋನ್‌ಗೆ ಹೋಗುವ ಆ್ಯಪ್ ಆದರೆ ಡಿಬಗ್ ಕೀ ಮೇಲೆ ನಿಲ್ಲಬೇಡಿ. ಜಾವಾ ಜೊತೆ ಬರುವ 'ಕೀಟೂಲ್'ನಿಂದ ಸ್ವಂತ ಕೀ ಮಾಡಿಕೊಳ್ಳಿ. ಕೈಪಿಡಿಗಳಲ್ಲಿ ವ್ಯಾಲಿಡಿಟಿ 10000 ದಿನ ಅಂತ ಇರುತ್ತದೆ, ಸುಮಾರು 27 ವರ್ಷ. ಫೈಲನ್ನೂ ಪಾಸ್‌ವರ್ಡನ್ನೂ ಎರಡು ಕಡೆ ಕಾಪಿ ಇಡಿ, ಆದರೆ ಕೋಡ್ ಇಡುವ ಗಿಟ್‌ಗೆ ಹಾಕಬೇಡಿ. ಕೈಯಿಂದಲೇ ಸಹಿ ಹಾಕುವುದಾದರೆ ಮೊದಲು 'ಜಿಪ್‌ಅಲೈನ್', ಆಮೇಲೆ 'ಎಪಿಕೆಸೈನರ್'. ತಿರುಗಾಮುರುಗಾ ಮಾಡಿದರೆ ಸಹಿ ಕೆಡುತ್ತದೆ. ಡಿಬಗ್‌ನಿಂದ ಸ್ವಂತ ಕೀಗೆ ಬದಲಾಗುವ ದಿನ ಮಾತ್ರ ಹಳೆಯದನ್ನು ತೆಗೆಯಲೇಬೇಕು. ಹಾಗಾಗಿ ಅದಕ್ಕೆ ಮೊದಲು ಆ್ಯಪ್‌ನಲ್ಲೇ ಎಕ್ಸ್‌ಪೋರ್ಟ್, ಇಂಪೋರ್ಟ್ ಬಟನ್ ಇಡಿ. ಸಿಎಸ್‌ವಿ ಸಾಕು.

ಹೂಮಳೆ_ನಾಪೋಕ್ಲು

ಕೀಸ್ಟೋರ್ ತರಿಸಿದೆ, ಡೇಟಾಬೇಸ್ ತೆಗೆದಿಟ್ಟೆ, ಅಪ್‌ಡೇಟ್ ಆಯಿತು. ಲೆಕ್ಕ ಎಲ್ಲ ಹಾಗೇ ಇದೆ. ಎಕ್ಸ್‌ಪೋರ್ಟ್ ಬಟನ್ ಇವತ್ತೇ ಶುರು ಮಾಡುತ್ತೇನೆ.

ತಿಂಗಳ ಪಟ್ಟಿ ತೆರೆದರೆ ಒಮ್ಮೊಮ್ಮೆ ಆ್ಯಪ್ ಮುಚ್ಚಿಹೋಗುತ್ತದೆ. ಸ್ಟುಡಿಯೋ ಇಲ್ಲದೆ ಕಾರಣ ನೋಡುವುದು ಹೇಗೆ?

ವಿರಾಜಪೇಟೆ_ಬಗ್‌ಬೇಟೆ

ಇದು ನನ್ನ ಕ್ಷೇತ್ರ. ಸುಮ್ನೆ 'ಎಡಿಬಿ ಲಾಗ್‌ಕ್ಯಾಟ್' ಕೊಟ್ಟರೆ ಇಡೀ ಫೋನ್‌ನ ಹರಟೆ ಬರುತ್ತದೆ. 'ಎಡಿಬಿ ಲಾಗ್‌ಕ್ಯಾಟ್ -ಬಿ ಕ್ರ್ಯಾಶ್' ಕೊಡಿ, ಬಿದ್ದುಹೋದ ಆ್ಯಪ್‌ಗಳ ಕಥೆ ಮಾತ್ರ ಬರುತ್ತದೆ. 'ಕಾಸ್ಡ್ ಬೈ' ಅಂತ ಇರುವ ಕೊನೆಯ ಸಾಲಿನಿಂದ ಓದಲು ಶುರು ಮಾಡಿ, ಅದರ ಕೆಳಗೆ ನಿಮ್ಮ ಪ್ಯಾಕೇಜ್ ಹೆಸರಿರುವ ಮೊದಲ ಸಾಲು ಹುಡುಕಿ. ಫೈಲ್ ಹೆಸರು, ಸಾಲಿನ ನಂಬರ್ ಅಲ್ಲೇ ಇರುತ್ತದೆ.

ಜೊತೆಗೆ ಇದನ್ನೂ ಪರೀಕ್ಷೆ ಮಾಡಿ. 'ಎಡಿಬಿ ಶೆಲ್ ಎಸ್‌ವಿಸಿ ಡೇಟಾ ಡಿಸೇಬಲ್' ಕೊಟ್ಟು ನೆಟ್ ತೆಗೆದು ಆ್ಯಪ್ ಬಳಸಿ ನೋಡಿ, ವೈಫೈಗೂ ಹಾಗೇ. ತೋಟದ ಒಳಗೆ ಸಿಗ್ನಲ್ ಇರುವುದಿಲ್ಲ. ಆಂಡ್ರಾಯ್ಡ್ 13ರಿಂದ 'ಎಡಿಬಿ ಶೆಲ್ ಸಿಎಮ್‌ಡಿ ಲೊಕೇಲ್ ಸೆಟ್-ಆ್ಯಪ್-ಲೊಕೇಲ್ಸ್' ಅಂತ ಬಂದಿದೆ, ಇಡೀ ಫೋನ್ ಮುಟ್ಟದೆ ನಿಮ್ಮ ಆ್ಯಪ್ ಮಾತ್ರ ಕನ್ನಡಕ್ಕೆ ತಿರುಗುತ್ತದೆ. 'ಸೆಪ್ಟೆಂಬರ್' ಬಟನ್ ಒಳಗೆ ಹಿಡಿಯುತ್ತದಾ ನೋಡಿ. 'ಎಡಿಬಿ ಶೆಲ್ ಇನ್‌ಪುಟ್ ಟೆಕ್ಸ್ಟ್'ನಿಂದ ಮಾತ್ರ ಕನ್ನಡ ಟೈಪ್ ಮಾಡಿಸಲು ಹೋಗಬೇಡಿ. ಇಂಗ್ಲಿಷ್ ಅಕ್ಷರ ಬಿಟ್ಟು ಬೇರೆ ಕೊಟ್ಟರೆ ಆ ಕಮಾಂಡೇ ಬಿದ್ದುಹೋಗುತ್ತದೆ.

ಇಷ್ಟೆಲ್ಲ ಹೇಳಿದ ಮೇಲೂ ಬ್ರೇಕ್‌ಪಾಯಿಂಟ್ ವಿಷಯದಲ್ಲಿ ನನ್ನ ಮಾತು ಬದಲಾಗಿಲ್ಲ.

ಹೂಮಳೆ_ನಾಪೋಕ್ಲು

ಸಿಕ್ಕಿತು! ಮಳೆ ಇಲ್ಲದ ದಿನ ಅಜ್ಜ ಖಾಲಿ ಬಿಟ್ಟಿದ್ದಾರೆ, ನನ್ನ ಕೋಡ್ ಖಾಲಿ ಪದವನ್ನು ಸಂಖ್ಯೆ ಮಾಡಲು ಹೋಗಿ ಬೀಳುತ್ತಿತ್ತು. ಸರಿ ಮಾಡಿದೆ.

ಸೋಮವಾರಪೇಟೆ_ಸೇಬು

ಐಫೋನ್‌ಗೂ ಹೀಗೇ ಮಾಡಬಹುದಾ? ನಮ್ಮ ಮನೆಯವರದು ಐಫೋನ್.

ಗಾಳಿಬೀಡು_ಗ್ರೇಡಲ್

ಕಮಾಂಡ್‌ಗಳು ಇವೆ. ಬಿಲ್ಡ್‌ಗೆ 'ಎಕ್ಸ್‌ಕೋಡ್‌ಬಿಲ್ಡ್', ಸಿಮ್ಯುಲೇಟರ್‌ಗೆ 'ಎಕ್ಸ್‌ಸಿರನ್ ಸಿಮ್‌ಸಿಟಿಎಲ್'. ಆದರೆ ಎರಡೂ ಮ್ಯಾಕ್‌ನಲ್ಲಿ ಮಾತ್ರ. ಉಚಿತ ಆ್ಯಪಲ್ ಐಡಿಯಿಂದ ನಿಮ್ಮ ಫೋನ್‌ಗೆ ಹಾಕಿದ ಆ್ಯಪ್ 7 ದಿನಕ್ಕೆ ಮುಗಿಯುತ್ತದೆ, ಮತ್ತೆ ಹಾಕಬೇಕು. ಅದು ಬೇಡ ಅಂದರೆ ವರ್ಷಕ್ಕೆ 99 ಡಾಲರ್. ಮಳೆ ಲೆಕ್ಕಕ್ಕೆ ಅಷ್ಟು ಖರ್ಚು ಬೇಡ, ಅವರಿಗೆ ಒಂದು ವೆಬ್ ಪುಟ ಮಾಡಿಕೊಡಿ.

ಬಾಳೆಲೆ_ಬೈಟ್

ನನ್ನದು ಎಡಿಬಿ ಸರಿಯಾಯಿತು. ಇನ್ನೊಂದು, ಪ್ಲೇ ಸ್ಟೋರ್‌ಗೆ ಹಾಕುವುದಾದರೆ?

ಕುಶಾಲನಗರ_ಲ್ಯಾಬ್

ಒಮ್ಮೆ 25 ಡಾಲರ್ ಕಟ್ಟಬೇಕು. 2021ರ ಆಗಸ್ಟ್‌ನಿಂದ ಹೊಸ ಆ್ಯಪ್‌ಗಳಿಗೆ ಎಪಿಕೆ ನಡೆಯುವುದಿಲ್ಲ, ಎಎಬಿ (ಆಂಡ್ರಾಯ್ಡ್ ಆ್ಯಪ್ ಬಂಡಲ್) ಬೇಕು. 'ಅಸೆಂಬಲ್‌ರಿಲೀಸ್' ಬದಲು 'ಬಂಡಲ್‌ರಿಲೀಸ್' ಕೊಟ್ಟರೆ ಅದು ಸಿಗುತ್ತದೆ. ಕಷ್ಟ ಇರುವುದು ಬೇರೆ ಕಡೆ. 2023ರ ನವೆಂಬರ್ 13ರ ನಂತರ ತೆರೆದ ವೈಯಕ್ತಿಕ ಖಾತೆ ಆದರೆ ಕನಿಷ್ಠ 12 ಜನ ಸತತ 14 ದಿನ ಟೆಸ್ಟರ್ ಆಗಿ ಇರಬೇಕು, ಆಮೇಲೆಯೇ ಎಲ್ಲರಿಗೂ ಬಿಡುಗಡೆ ಮಾಡಲು ಅರ್ಜಿ ಹಾಕಬಹುದು. ಮೊದಲು ಇದು 20 ಜನ ಇತ್ತು.

ಹೂಮಳೆ_ನಾಪೋಕ್ಲು

12 ಜನ ಇಲ್ಲೇ ಸಿಗುತ್ತಾರಾ? ಮಳೆ ಮಾಪಕ ಇಟ್ಟಿರುವವರು ಆದರೆ ಒಳ್ಳೆಯದು.

ಶನಿವಾರಸಂತೆ_ಫ್ಲಟರ್

ನನ್ನನ್ನು ಸೇರಿಸಿಕೊಳ್ಳಿ, ಮಾಪಕ ಇದೆ. ಫೋನ್ ಆಂಡ್ರಾಯ್ಡ್ 9, ನಿಮ್ಮ 'ಮಿನ್‌ಎಸ್‌ಡಿಕೆ' (ಆ್ಯಪ್‌ಗೆ ಬೇಕಾದ ಕನಿಷ್ಠ ಆಂಡ್ರಾಯ್ಡ್ ಮಟ್ಟ) 28ಕ್ಕಿಂತ, ಅಂದರೆ ಆಂಡ್ರಾಯ್ಡ್ 9ಕ್ಕಿಂತ, ಮೇಲೆ ಇದ್ದರೆ ಇಳಿಸಿ.

ವಿರಾಜಪೇಟೆ_ಬಗ್‌ಬೇಟೆ

ನಾನೂ ಇದ್ದೇನೆ. ಮಾಪಕ ಅಪ್ಪನದು, ಬಗ್ ರಿಪೋರ್ಟ್ ನನ್ನದು. ಒಂದು ದಿನದಲ್ಲಿ 10 ಇಂಚಿಗಿಂತ ಜಾಸ್ತಿ ಹಾಕಿದರೆ ನಿಮ್ಮ ಪೆಟ್ಟಿಗೆ ತಗೊಳ್ಳುತ್ತದಾ, ಅದು ಮೊದಲು ಹೇಳಿ.